ವಜ್ರ ಬದಲಾಗಿದೆ ಎಂದು ನಾನು ಬರೆದದ್ದು

ನಾನು ಪ್ರಾಂಶುಪಾಲರಿಗೆ ಕೊಟ್ಟ ವರದಿಯಲ್ಲಿ ಹನ್ನೊಂದು ವಾಕ್ಯಗಳಿದ್ದವು. ಹತ್ತರಲ್ಲಿ ಇದ್ದದ್ದು ನಾನು ಕಣ್ಣಾರೆ ಕಂಡದ್ದು, ಇಲ್ಲವೇ ಯಂತ್ರ ತೋರಿಸಿದ್ದು. ಹನ್ನೊಂದನೆಯದು ಹಾಗಿರಲಿಲ್ಲ. ಅದು ಹೀಗಿತ್ತು: "ಈಗ ಪೆಟ್ಟಿಗೆಯಲ್ಲಿರುವುದು ನಾನು ಇಟ್ಟ ವಜ್ರವಲ್ಲ." ಆ ಒಂದು ವಾಕ್ಯದಿಂದಾಗಿ ಒಬ್ಬ ಹೆಂಗಸು ಒಂಬತ್ತು ಜನರ ಎದುರು ತಮ್ಮ ಮೂಗುತಿ ಬಿಚ್ಚಿ ಮೇಜಿನ ಮೇಲಿಡಬೇಕಾಯಿತು. ನಾನು ಹತ್ತನೆಯವಳಾಗಿ ಅಲ್ಲೇ ನಿಂತಿದ್ದೆ.

ನಾನು ಕೊಳ್ಳೇಗಾಲದ ಒಂದು ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತೇನೆ. ಮನೆ ಹೊನ್ನೂರಿನಲ್ಲಿ. ಬೆಳಿಗ್ಗೆ ಆಟೋದಲ್ಲಿ ಯಳಂದೂರು, ಅಲ್ಲಿಂದ ಬಸ್ಸು. ನಮ್ಮ ಪ್ರಯೋಗಾಲಯ ಮಹಡಿಯ ಕೊನೆಯ ಕೋಣೆ, ಕಿಟಕಿಗಳಿಗೆ ಎರಡು ಪದರ ಕಪ್ಪು ಬಟ್ಟೆ. ಒಂದು ಸಂಶೋಧನಾ ಸಂಸ್ಥೆಯವರು ತಮಗೆ ಹಳತಾದ ಮೇಜು, ಹಸಿರು ಲೇಸರ್, ಬೆಳಕಿನ ಕಣಗಳನ್ನು ಎಣಿಸುವ ಒಂದು ಯಂತ್ರ ಇಷ್ಟನ್ನು ನಮಗೆ ಕೊಟ್ಟಿದ್ದರು. ಪ್ರತಿಯಾಗಿ ಅವರು ತಯಾರಿಸಿದ ವಜ್ರದ ಚಿಪ್‌ಗಳನ್ನು ನಾನು ಪರೀಕ್ಷಿಸಿ ಅಂಕಿಗಳನ್ನು ಕಳಿಸಬೇಕು. ಆಗ ನನ್ನ ಬಳಿ ಇದ್ದದ್ದು ಒಂದೇ ಚಿಪ್. ಅಕ್ಕಿಕಾಳಿನ ಉದ್ದದಷ್ಟೂ ಇಲ್ಲದ ಚೌಕ, ಕಾಗದಕ್ಕಿಂತ ತುಸು ದಪ್ಪ. ಒಡವೆ ಅಂಗಡಿಗೆ ತೆಗೆದುಕೊಂಡು ಹೋದರೆ ನಕ್ಕು ವಾಪಸ್ ಕೊಟ್ಟಾರು.

ಅದರಲ್ಲಿ ಬೇಕಾದದ್ದು ಹೊಳಪಲ್ಲ, ದೋಷ. ವಜ್ರವೆಂದರೆ ಇಂಗಾಲದ ಪರಮಾಣುಗಳು ತಪ್ಪದ ಸಾಲಿನಲ್ಲಿ ಕೂತದ್ದು. ಆ ಸಾಲಿನಲ್ಲಿ ಎಲ್ಲೋ ಒಂದು ಕಡೆ ಇಂಗಾಲದ ಜಾಗದಲ್ಲಿ ಸಾರಜನಕ ಬಂದು ಕೂತು, ಅದರ ಪಕ್ಕದ ಜಾಗ ಖಾಲಿ ಉಳಿದರೆ ಅದನ್ನು ದೋಷಕೇಂದ್ರ ಎನ್ನುತ್ತೇವೆ. ಹಸಿರು ಬೆಳಕು ಬಿದ್ದರೆ ಅದು ಕೆಂಪು ಬೆಳಕು ಕೊಡುತ್ತದೆ, ಒಂದು ಸಲಕ್ಕೆ ಒಂದೇ ಕಣ. ಆ ಕಣಗಳು ಚೆದುರಿ ಹೋಗದಂತೆ ವಜ್ರದ ಮೈಮೇಲೆ ಕೂದಲಿಗಿಂತ ಎಷ್ಟೋ ಸಣ್ಣ ಏಣುಗಳನ್ನು, ಅಂದರೆ ಉಬ್ಬುಗೆರೆಗಳನ್ನು, ಕೆತ್ತಿರುತ್ತಾರೆ. ಬೆಳಕು ಆ ಏಣಿನೊಳಗೇ ಹರಿಯುತ್ತದೆ. ಇಂಥ ಸಾಧನದಿಂದ ಮುಂದೆ ಸಂದೇಶ ಕಳಿಸಬಹುದು, ನಡುದಾರಿಯಲ್ಲಿ ಯಾರಾದರೂ ಕದ್ದು ಓದಿದರೆ ಅದು ಕಳಿಸಿದವರಿಗೂ ಪಡೆದವರಿಗೂ ತಿಳಿದುಬಿಡುತ್ತದೆ.

ಇದನ್ನು ನಾನು ಒಂದು ಮಧ್ಯಾಹ್ನ ನಮ್ಮ ಅಟೆಂಡರ್‌ಗೆ ಹೇಳಿದ್ದೆ. ಅವರು ಬುತ್ತಿ ಬಿಚ್ಚುತ್ತಿದ್ದವರು ತಲೆಯೆತ್ತಿ, "ಯಾರಾರ ಕದ್ದು ನೋಡುದ್ರ ಅದೇ ಯೇಳ್ಬುಡ್ತದಾ? ಇದ್ಕ ಇಷ್ಟೊಂದು ಮಿಸನ್ನಾ? ನಮ್ ಪೋಡಲ್ಲಿ ಆ ಕೆಲ್ಸಕ್ಕ ನಮ್ಮತ್ತೆ ಅವ್ಳೆ" ಎಂದರು.

ಅವರು ನನಗಿಂತ ಹದಿನೈದು ವರ್ಷ ದೊಡ್ಡವರು. ಹನೂರಿನಾಚೆ ಕಾಡಂಚಿನ ಸೋಲಿಗರ ಹಾಡಿ, ಅವರ ಮಾತಿನಲ್ಲಿ ಪೋಡು, ಅವರ ಊರು. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಕಾಲೇಜಿನಲ್ಲಿ ಅವರದು ಗುತ್ತಿಗೆ ಕೆಲಸ, ವರ್ಷವರ್ಷವೂ ಹೊಸದಾಗಿ ಬರೆಯಿಸಿಕೊಳ್ಳಬೇಕಾದದ್ದು. ಈ ವರ್ಷ ಆಡಳಿತ ಮಂಡಳಿ ಇಬ್ಬರನ್ನು ಕಾಯಂ ಮಾಡುವುದಿತ್ತು. ಪಟ್ಟಿಯಲ್ಲಿ ಅಕ್ಕನ ಹೆಸರು ಮೊದಲನೆಯದು. ದಸರಾ ಕಳೆದ ಮೇಲೆ ಸಭೆ. ಅವರ ವಯಸ್ಸಿಗೆ ಮತ್ತೊಂದು ಅವಕಾಶ ಇರಲಿಲ್ಲ. ಅದು ನನಗೂ ಗೊತ್ತಿತ್ತು.

ಅಕ್ಕನಿಗೆ ಒಂದು ವಿಶೇಷವಾದ ಕಿವಿ ಇತ್ತು. ಎಣಿಕೆಯ ಯಂತ್ರಕ್ಕೆ ನಾನು ಒಂದು ಚಿಕ್ಕ ಸ್ಪೀಕರ್ ಜೋಡಿಸಿದ್ದೆ. ಒಂದೊಂದು ಕಣ ಬಂದಾಗಲೂ ಒಂದು ಚಿಟುಕು ಸದ್ದು. ಕಣಗಳು ಹೆಚ್ಚಾದರೆ ಸದ್ದು ಕೂಡಿಕೊಂಡು ಮಳೆಯಂತಾಗುತ್ತದೆ. ಅಕ್ಕ ಮೊದಲು ಧನಗೆರೆಯಲ್ಲಿ ರೇಷ್ಮೆ ಹುಳು ಸಾಕುವವರ ಮನೆಯಲ್ಲಿ ಕೂಲಿ ಮಾಡಿದವರು. "ನಾಕ್ನೇ ಜ್ವರ ಕಳ್ದು ಎದ್ ಉಳ ಸೊಪ್ ತಿಂದಂಗೇ ಸದ್ದು" ಎಂದು ಮೊದಲ ದಿನವೇ ಹೇಳಿದ್ದರು. ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತಿಗೆ ಅವರು ಜ್ವರ ಎನ್ನುತ್ತಾರೆ. ಬಾಗಿಲಾಚೆ ನೆಲ ಒರೆಸುತ್ತಲೇ, ನಾನು ಪರದೆ ನೋಡುವ ಮೊದಲೇ, "ಮೇಡಂ, ಉಳ ಮೇವ್ ಬುಟ್ಟವೆ" ಎಂದು ಕೂಗುತ್ತಿದ್ದರು. ನೋಡಿದರೆ ಲೇಸರ್ ಸ್ವಲ್ಪ ಸರಿದಿರುತ್ತಿತ್ತು.

ದಸರಾ ರಜೆಗೆ ಮುಂಚಿನ ದಿನ ಕಾಲೇಜಿನಲ್ಲಿ ಆಯುಧಪೂಜೆ. ಅಕ್ಕ ಬೆಳಿಗ್ಗೆಯೇ ಬಂದು ಕೋಣೆ ತೊಳೆದು, ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿ, ಒಂದು ಬಾಳೆಲೆ ಹಾಸಿ ಅದರ ಮೇಲೆ ಸ್ಕ್ರೂಡ್ರೈವರ್, ಮೀಟರ್, ಕತ್ತರಿ, ಚಿಮಟ ಎಲ್ಲ ಜೋಡಿಸಿದ್ದರು. ಪ್ರಯೋಗಾಲಯದ ಜವಾಬ್ದಾರಿ ನನ್ನದಾದ್ದರಿಂದ ಕುಂಕುಮ ಇಟ್ಟವಳು ನಾನು. ಲೇಸರಿನ ಪೆಟ್ಟಿಗೆಗೆ, ಎಣಿಕೆಯ ಯಂತ್ರಕ್ಕೆ, ಮೇಜಿನ ನಾಲ್ಕು ಕಾಲಿಗೆ, ಎಲೆಯ ಮೇಲಿದ್ದ ಒಂದೊಂದು ಸಾಮಾನಿಗೂ. ಮಂಗಳಾರತಿಗೆ ಪ್ರಾಂಶುಪಾಲರು ಬರುತ್ತಿದ್ದಾರೆ ಎಂದು ಯಾರೋ ಕೂಗಿದಾಗ ಚಿಪ್ ಇನ್ನೂ ಯಂತ್ರದಲ್ಲೇ ಇರುವುದು ನೆನಪಾಯಿತು. ಅದನ್ನು ತೆಗೆದು ಅದರ ಪೆಟ್ಟಿಗೆಗೆ ಹಾಕಿ, ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬೀಗದ ಕೈ ಎರಡು. ಒಂದು ನನ್ನಲ್ಲಿ, ಇನ್ನೊಂದು ಅಕ್ಕನಲ್ಲಿ.

ರಜೆ ಮುಗಿದು ಚಿಪ್ ಮತ್ತೆ ಕೂರಿಸಿ ಲೇಸರ್ ಹಾಕಿದಾಗ ಸ್ಪೀಕರ್ ಒಮ್ಮೆಲೇ ಭೋರೆಂದಿತು. ಅಕ್ಕ ಬಾಗಿಲಲ್ಲಿ ನಿಂತು, "ಇದೇನ್ ಮೇಡಂ, ಇವತ್ತ್ ಉಳ ಮೈಮ್ಯಾಲ್ ಬಂದಂಗ್ ತಿಂತಾವೆ" ಎಂದರು. ನಾನೂ ಖುಷಿಪಟ್ಟೆ. ಸ್ವಲ್ಪ ಹೊತ್ತಿಗೆ ಅವರೇ, "ಊ ಊಂ, ಇವು ನಮ್ ಉಳ ಅಲ್ಲ ಕಣ್ಮೇಡಂ. ಆಗ್ಲೇ ಸುಸ್ತಾದೊ" ಎಂದರು. ಸದ್ದು ನಿಜಕ್ಕೂ ಇಳಿಯುತ್ತಿತ್ತು. ವಜ್ರದ ಬೆಳಕು ಹಾಗೆ ದಣಿಯುವುದಿಲ್ಲ. ಇಡೀ ದಿನ ಹಸಿರು ಬೆಳಕು ಬಿಟ್ಟರೂ ಅದು ಅಷ್ಟೇ ಕೆಂಪು ಕೊಡುತ್ತದೆ.

ನಾನು ಎರಡನೆಯ ಪರೀಕ್ಷೆ ಮಾಡಿದೆ. ಬೆಳಕಿನ ಬಣ್ಣವನ್ನು ಬಿಡಿಸಿ ನೋಡಿದರೆ ಅದು ಇರಬೇಕಾದ ಕೆಂಪಿಗಿಂತ ಕಿತ್ತಳೆಯ ಕಡೆ ವಾಲಿತ್ತು. ಮೂರನೆಯದು ದೊಡ್ಡ ಪರೀಕ್ಷೆ. ದೋಷಕೇಂದ್ರದ ಪಕ್ಕದಲ್ಲಿ ಮೈಕ್ರೋವೇವ್ ಹರಿಸಿ ಅದರ ಕಂಪನವನ್ನು ನಿಧಾನವಾಗಿ ಏರಿಸುತ್ತ ಹೋದರೆ, ಒಂದು ಗೊತ್ತಾದ ಕಂಪನದಲ್ಲಿ ಕೆಂಪು ಬೆಳಕು ಚೂರು ಕುಗ್ಗುತ್ತದೆ, ಗ್ರಾಫಿನಲ್ಲಿ ಒಂದು ಗುಂಡಿ ಬೀಳುತ್ತದೆ. ಆ ಗುಂಡಿಯೇ ಅದರ ಸಹಿ. ರಜೆಗೆ ಮುಂಚೆ ಆ ಗುಂಡಿ ಇತ್ತು, ಅಚ್ಚು ಹಾಕಿ ಫೈಲಿನಲ್ಲಿಟ್ಟಿದ್ದೆ. ಈಗ ಇರಲಿಲ್ಲ. ಏಳು ಸಲ ಮಾಡಿದೆ. ಏಳು ಸಲವೂ ಗೆರೆ ಮಟ್ಟವಾಗಿತ್ತು.

ಆ ಕ್ಷಣದಲ್ಲಿ ನನಗೆ ಅನ್ನಿಸಿದ್ದು ಒಂದೇ: ಅಕ್ಕನಿಗೆ ಇದು ಹೇಗೆ ಮೊದಲೇ ಗೊತ್ತಾಯಿತು? "ಇವು ನಮ್ ಉಳ ಅಲ್ಲ" ಎಂದು ನನ್ನ ಯಂತ್ರಕ್ಕಿಂತ ಮುಂಚೆ ಹೇಗೆ ಹೇಳಿದರು?

ಮುಂದಿನ ಎರಡು ದಿನ ನಾನು ಅವರನ್ನು ನೋಡಿದೆ. ನೋಡಿದೆ ಎನ್ನುವುದಕ್ಕಿಂತ ಕಾದೆ ಎನ್ನಬೇಕು. ಅವರು ಚಿಮಟವನ್ನು, ಸ್ಕ್ರೂಡ್ರೈವರನ್ನು ಒದ್ದೆ ಬಟ್ಟೆಯಲ್ಲಿ ತಿಕ್ಕಿ ಒರೆಸಿ ಡ್ರಾಯರಿಗೆ ಹಾಕುತ್ತಿದ್ದರು. ಪ್ರತಿ ಹಬ್ಬದ ನಂತರ ಮಾಡುವ ಕೆಲಸ ಅದು. ಈ ಸಲ ನನಗೆ, ಇಷ್ಟು ಗಟ್ಟಿಯಾಗಿ ಯಾಕೆ ಒರೆಸುತ್ತಿದ್ದಾರೆ ಎನ್ನಿಸಿತು. ಅವರು ಹನೂರಿನ ಬಸ್ಸಿಗೆಂದು ಹತ್ತು ನಿಮಿಷ ಬೇಗ ಹೊರಟರು. ಯಾಕೆ ಬೇಗ ಎನ್ನಿಸಿತು. ಎರಡನೆಯ ದಿನ ಬೆಳಿಗ್ಗೆ ಅವರ ಮೂಗಿನ ಮೇಲೆ ಬಿಳಿ ಕಲ್ಲಿನ ಹೊಸ ಮೂಗುತಿ ಕಂಡಿತು. ಎಲ್ಲಿಯದು ಎಂದು ಕೇಳಿದೆ.

"ಹಬ್ಬಕ್ಕ ನನ್ ತಂಗಿ ಕೊಡ್ಸುದ್ಲು. ಚೆಂದಾಗದಾ?"

"ಚೆನ್ನಾಗಿದೆ" ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. ಅವರಿಗೂ ಕೇಳಿಸಿರಬೇಕು. ಒಂದು ಗಳಿಗೆ ನನ್ನ ಮುಖ ನೋಡಿ, ಬಕೆಟ್ಟು ಎತ್ತಿಕೊಂಡು ಹೋದರು.

ಅವತ್ತು ಮಧ್ಯಾಹ್ನ ವರದಿ ಬರೆದೆ. ಸಂಸ್ಥೆಯ ವಸ್ತು, ನನ್ನ ಸಹಿಯ ಮೇಲೆ ಬಂದದ್ದು, ತಡಮಾಡಿದರೆ ನನ್ನ ಮೇಲೇ ಬರುತ್ತದೆ ಎಂಬ ಭಯವೂ ಇತ್ತು. ಅದನ್ನು ಮುಚ್ಚಿಡುವುದಿಲ್ಲ. ಅಕ್ಕನ ಹೆಸರನ್ನು ನಾನು ಬರೆಯಲಿಲ್ಲ. "ಬೀಗದ ಕೈ ನನ್ನ ಬಳಿ ಮತ್ತು ಅಟೆಂಡರ್ ಬಳಿ ಇದೆ" ಎಂದಷ್ಟೇ ಬರೆದೆ. ಅದು ನಿಜವಾದ ವಾಕ್ಯ. ನಿಜವಾದ ಹತ್ತು ವಾಕ್ಯಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಅವು ಯಾರ ಬಾಗಿಲಿಗೆ ಹೋಗಿ ನಿಲ್ಲುತ್ತವೆ ಎಂಬುದು ಬರೆಯುವಾಗಲೇ ನನಗೆ ಗೊತ್ತಿತ್ತು.

ಪ್ರಾಂಶುಪಾಲರು ವರದಿಯಲ್ಲಿ ಓದಿದ್ದು ಒಂದೇ ಪದ, ವಜ್ರ. ಮರುದಿನ ಅವರ ಕೋಣೆಯಲ್ಲಿ ಒಂಬತ್ತು ಜನ ಸೇರಿದ್ದರು. ಪ್ರಾಂಶುಪಾಲರು, ಮಂಡಳಿಯ ಕಾರ್ಯದರ್ಶಿ, ರಸಾಯನಶಾಸ್ತ್ರದ ಮೇಷ್ಟ್ರು, ಆಫೀಸ್ ಸೂಪರಿಂಟೆಂಡೆಂಟ್, ಇಬ್ಬರು ಗುಮಾಸ್ತರು, ಲೈಬ್ರರಿಯನ್, ವಾಚ್‌ಮನ್. ಕಾಫಿ ತಂದಿದ್ದ ಕ್ಯಾಂಟೀನಿನವರು ತಟ್ಟೆ ಹಿಡಿದು ಅಲ್ಲೇ ನಿಂತುಬಿಟ್ಟರು. ಯಾರೂ ಹೊರಗೆ ಹೋಗು ಎನ್ನಲಿಲ್ಲ. ಅಕ್ಕನ ಚೀಲವನ್ನು ಮೇಜಿನ ಮೇಲೆ ಸುರಿದರು. ಬುತ್ತಿ ಡಬ್ಬಿ, ಬಸ್ ಪಾಸು, ಎಲೆಅಡಿಕೆ, ಒಂದು ಬಾಚಣಿಗೆ.

ಕಾರ್ಯದರ್ಶಿಗಳು, "ಮೂಗಲ್ಲಿರೋದೇನಮ್ಮ? ಹೊಸದಾಗಿ ಕಾಣ್ತದಲ್ಲ" ಎಂದರು.

"ತಂಗಿ ಕೊಟ್ಟದ್ದು ಸಾ."

"ಕಾಡಲ್ಲಿ ವಜ್ರದ ಗಿಡ ಇದ್ದಾವೇನೋ" ಎಂದರು ಗುಮಾಸ್ತರಲ್ಲೊಬ್ಬರು. ಇಬ್ಬರು ಮೂವರು ನಕ್ಕರು.

ಆ ಮೂಗುತಿಯ ಕಲ್ಲು ದುಂಡಗಿತ್ತು, ಮೆಣಸಿನ ಕಾಳಿನಷ್ಟಿತ್ತು. ನಮ್ಮ ಚಿಪ್ ತೆಳ್ಳನೆಯ ಚೌಕ. ಅದನ್ನು ಏನು ಮಾಡಿದರೂ ಆ ಕಲ್ಲಾಗುವುದಿಲ್ಲ. ಇದನ್ನು ಹೇಳಲು ಒಂದು ಮಾತು ಸಾಕಿತ್ತು. ನಾನು ಹೇಳಲಿಲ್ಲ. ಪ್ರಾಂಶುಪಾಲರು, "ಮೇಡಂ, ನಿಮ್ಮ ಮಿಷನ್ನಿನಲ್ಲಿ ಟೆಸ್ಟ್ ಮಾಡಿಬಿಡಿ, ಯಾರಿಗೂ ಅನುಮಾನ ಬೇಡ" ಎಂದಾಗ ಅದೇ ಸರಿಯಾದ ಕ್ರಮ ಎಂದುಕೊಂಡೆ. ಅಕ್ಕ ಎರಡೂ ಕೈಯಿಂದ ತಿರುಪು ಬಿಚ್ಚಿದರು. ಹೊಸ ತಿರುಪು, ಬಿಗಿಯಾಗಿತ್ತು, ಮೂಗು ಕೆಂಪಾಯಿತು. ಮೇಜಿನ ಮೇಲಿಟ್ಟು, ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತರು. ನಾನು ಅದನ್ನು ಮಹಡಿಗೆ ತೆಗೆದುಕೊಂಡು ಹೋಗಿ ಹಸಿರು ಬೆಳಕಿನಡಿ ಇಟ್ಟೆ. ಗಾಜು. ಕೆಳಗೆ ಬಂದು, "ಇದಲ್ಲ" ಎಂದೆ.

"ಇದಲ್ಲ ಅಂದ್ರೆ ಇನ್ನೆಲ್ಲೋ ಇದೆ ಅಂತಾಯ್ತು" ಎಂದರು ಕಾರ್ಯದರ್ಶಿಗಳು.

ಪಟ್ಟಿಯಿಂದ ಹೆಸರು ಹೋಯಿತು. ತನಿಖೆ ಮುಗಿಯುವವರೆಗೆ ಕೆಲಸಕ್ಕೆ ಬರುವುದು ಬೇಡ ಎಂದರು. ಚಿಪ್ಪಿನ ಪೆಟ್ಟಿಗೆಗೆ ಅಂಟುಟೇಪು ಸುತ್ತಿ ಮೇಲೆ ಪ್ರಾಂಶುಪಾಲರು ಸಹಿ ಹಾಕಿದರು. ಸಾಕ್ಷಿಯ ವಸ್ತು, ಯಾರೂ ಮುಟ್ಟಕೂಡದು. ಚಿಪ್‌ನ ಬೆಳಕು ಹೀಗೆ ಕೆಟ್ಟಾಗ ಪ್ರಯೋಗಾಲಯದಲ್ಲಿ ಯಾರೇ ಆದರೂ ಮೊದಲು ಮಾಡುವ ಕೆಲಸ ತೊಳೆಯುವುದು. ನಾನು ತೊಳೆದಿರಲಿಲ್ಲ. ಅನುಮಾನ ಬಂದ ಗಳಿಗೆಯಿಂದ ಅದು ನನಗೆ ಚಿಪ್ ಆಗಿ ಕಾಣುವುದನ್ನೇ ಬಿಟ್ಟು, ಕಳ್ಳತನದ ಸಾಕ್ಷಿಯಾಗಿ ಕಾಣತೊಡಗಿತ್ತು.

ಮೂರು ವಾರದ ನಂತರ, ಒಂದು ಬುಧವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಲೇಸರಿನ ದಾರಿ ಸರಿಪಡಿಸುತ್ತಿದ್ದೆ. ಹಸಿರು ಬೆಳಕು ಕಣ್ಣಿಗೆ ತಾಕದಂತೆ ತಡೆಯುವ ಕಿತ್ತಳೆ ಬಣ್ಣದ ಕನ್ನಡಕ ಹಾಕಿದ್ದೆ. ಅದನ್ನು ಹಾಕಿಕೊಂಡರೆ ಹಸಿರು ಪೂರ್ತಿ ಮಾಯ. ಒಂದು ಕನ್ನಡಿ ಸ್ವಲ್ಪ ಹೊರಳಿ, ಬೆಳಕಿನ ಒಂದು ಎಳೆ ಎಣಿಕೆಯ ಯಂತ್ರದ ಮೂಲೆಗೆ ಬಿತ್ತು. ಅಲ್ಲಿ ಒಂದು ಕೆಂಡ ಹೊತ್ತಿಕೊಂಡಿತು.

ಬೆಂಕಿ ಎಂದೇ ಹೆದರಿದೆ. ಲೇಸರ್ ಮುಚ್ಚಿದೆ, ಕೆಂಡ ಆರಿತು. ತೆರೆದೆ, ಮತ್ತೆ ಹೊತ್ತಿತು. ಪುನಃ ಮುಚ್ಚಿ, ಕನ್ನಡಕ ತೆಗೆದು ಹತ್ತಿರ ಹೋಗಿ ನೋಡಿದರೆ ಅಲ್ಲಿದ್ದದ್ದು ಹಬ್ಬದ ದಿನ ನಾನಿಟ್ಟ ಕುಂಕುಮದ ಬೊಟ್ಟು.

ಅಂಗಡಿಯ ಕುಂಕುಮದಲ್ಲಿ ಅರಿಶಿನಕ್ಕಿಂತ ಬಣ್ಣವೇ ಹೆಚ್ಚಿರುವುದುಂಟು. ಅಂಥ ಕೆಲವು ಬಣ್ಣಗಳು ಹಸಿರು ಬೆಳಕಿಗೆ ಕೆಂಪಾಗಿ ಹೊಳೆಯುತ್ತವೆ. ಇದು ನಾನು ತರಗತಿಯಲ್ಲಿ ಹೇಳಿಕೊಡುವ ಪಾಠ. ಆ ಬೊಟ್ಟಿನಿಂದ ಒಂದು ಚೂರು ಗಾಜಿನ ಪಟ್ಟಿಯ ಮೇಲೆ ಕೆರೆದು ಯಂತ್ರದಡಿ ಇಟ್ಟೆ. ಸ್ಪೀಕರ್ ಭೋರೆಂದಿತು. ಕಿತ್ತಳೆಯ ಕಡೆ ವಾಲಿದ ಬಣ್ಣ. ನಿಧಾನವಾಗಿ ಇಳಿಯುವ ಸದ್ದು. ಮೈಕ್ರೋವೇವ್ ಹರಿಸಿದರೆ ಮಟ್ಟವಾದ ಗೆರೆ.

ಆಗ ನನಗೆ ಆ ದಿನದ ನನ್ನ ಕೈ ನೆನಪಾಯಿತು. ಬಾಳೆಲೆಯ ಮೇಲಿದ್ದ ಒಂದೊಂದು ಸಾಮಾನಿಗೂ ಬೊಟ್ಟಿಟ್ಟಿದ್ದೆ. ಚಿಮಟಕ್ಕೂ. ಅದರ ತುದಿಯ ಹತ್ತಿರವೇ, ಹಿಡಿ ತುಂಬ ಸಣ್ಣದಾದ್ದರಿಂದ. ಆಮೇಲೆ ಅದೇ ಚಿಮಟದಲ್ಲಿ ಚಿಪ್ಪನ್ನು ಎತ್ತಿ ಪೆಟ್ಟಿಗೆಗೆ ಹಾಕಿದ್ದೆ. ದೋಷಕೇಂದ್ರಗಳ ಸಣ್ಣ ಬೆಳಕನ್ನು ಮುಚ್ಚಿಹಾಕಲು ಆ ಪುಡಿಯ ಒಂದು ಮಸುಕು ಸಾಕು. ವಜ್ರ ಇದ್ದಲ್ಲೇ ಇತ್ತು. ಗುಂಡಿಯೂ ಇತ್ತು, ಕುಂಕುಮದ ಗದ್ದಲದಲ್ಲಿ ಕಾಣುತ್ತಿರಲಿಲ್ಲ, ಅಷ್ಟೆ.

ನಾನು ಆಗ ಯಾರನ್ನಾದರೂ ಕರೆಯಬೇಕಿತ್ತು. ಕರೆಯಲಿಲ್ಲ. ಹನ್ನೊಂದು ನಲವತ್ತಕ್ಕೆ ಟೇಪು ಕತ್ತರಿಸಿದೆ. ಚಿಪ್ಪನ್ನು ಅಸಿಟೋನಿನಲ್ಲಿ ಅದ್ದಿದೆ, ದ್ರವ ತೆಳು ಗುಲಾಬಿಯಾಯಿತು. ಇನ್ನೆರಡು ಸಲ ತೊಳೆದು ಒಣಗಿಸಿ ಕೂರಿಸಿದೆ. ಸ್ಪೀಕರಿನಿಂದ ಹಳೆಯ ಸದ್ದು ಬಂತು, ಒಂದೇ ಸಮ, ದಣಿಯದ ಸದ್ದು. ಮೈಕ್ರೋವೇವ್ ಹರಿಸಿದೆ. ಗುಂಡಿ ಅದರ ಜಾಗದಲ್ಲೇ ಬಿತ್ತು. ತೊಳೆಯುವ ಮುಂಚಿನ ಗ್ರಾಫು, ಈಗಿನದು, ಪೆಟ್ಟಿಗೆ, ಟೇಪು ಎಲ್ಲ ಎತ್ತಿಕೊಂಡು ಕೆಳಗಿಳಿದೆ.

ಪ್ರಾಂಶುಪಾಲರು ಎರಡು ಗ್ರಾಫುಗಳನ್ನೂ ನೋಡಿದರು. ಆಮೇಲೆ ಕತ್ತರಿಸಿದ ಟೇಪನ್ನು ನೋಡಿದರು. ಅದನ್ನೇ ಹೆಚ್ಚು ಹೊತ್ತು ನೋಡಿದರು.

"ನನ್ನ ಸಹಿ ಇತ್ತಲ್ಲ ಮೇಡಂ ಇದರ ಮೇಲೆ. ಒಬ್ಬರೇ ಯಾಕೆ ಬಿಚ್ಚಿದಿರಿ?"

"ನೋಡಬೇಕಿತ್ತು ಸರ್."

"ನೀವು ಒಬ್ಬರೇ ಬಿಚ್ಚಿದ ದಿನವೇ ವಜ್ರ ಇದೆ ಅಂತೀರಿ. ಮಂಡಳಿಯವರು ಕೇಳಿದರೆ ನಾನೇನು ಹೇಳಲಿ?"

ಸ್ಟಾಫ್ ರೂಮಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು ಕುರ್ಚಿ ಹತ್ತಿರ ಎಳೆದುಕೊಂಡು, "ಹೋಗಲಿ ಬಿಡಿ ಮೇಡಂ, ನನಗೊಬ್ಬನಿಗೆ ಹೇಳಿ. ಆ ಯಮ್ಮ ಹೆದರಿಕೊಂಡು ವಾಪಸ್ ಕೊಟ್ಟಳು, ನೀವು ಪಾಪ ಅಂತ ಮುಚ್ಚಿಹಾಕ್ತಿದ್ದೀರಿ. ಅಷ್ಟೇ ತಾನೆ?" ಎಂದರು. ಒಳ್ಳೆಯ ಮನುಷ್ಯರು. ನನಗೆ ಸಹಾಯ ಮಾಡುತ್ತಿದ್ದೇನೆ ಎಂದೇ ಅವರು ಅಂದುಕೊಂಡಿದ್ದರು. ಅಸಿಟೋನಿನ ಗುಲಾಬಿ ಬಣ್ಣ ತೋರಿಸಿದೆ. "ಬಣ್ಣ ಯಾವಾಗ ಬೇಕಾದರೂ ಹಾಕಬಹುದಲ್ಲ" ಎಂದರು, ನಗುತ್ತ. ಅವರು ಹೇಳಿದ್ದು ಸರಿ. ನಾನು ಸಾಕ್ಷಿಯಿಲ್ಲದೆ ತೊಳೆದಿದ್ದೆ.

ಅಂದು ಮಧ್ಯಾಹ್ನವೇ ಹನೂರಿನ ಬಸ್ಸು ಹತ್ತಿದೆ. ಅಕ್ಕ ಅಲ್ಲಿ ಒಂದು ಮಂಡಿಯ ಕಣದಲ್ಲಿ ಮುಸುಕಿನ ಜೋಳ ಹರವುತ್ತಿದ್ದರು. ನನ್ನನ್ನು ಕಂಡು ಗೋರು ಕೆಳಗಿಡಲಿಲ್ಲ. ಅವರ ಮೂಗು ಖಾಲಿಯಿತ್ತು. ಅವರ ತಂಗಿ ಪಕ್ಕದಲ್ಲಿದ್ದವರು ನಡುವೆ ಬಂದು ನಿಂತರು.

"ಯಾರ್ ಕಳ್ಸುದ್ರು ನಿಮ್ಮ? ಸೈನ್ ಆಕುಸ್ಕಳಕ್ ಬಂದಿದ್ದರಿ ಅಂದ್ರ, ಅವ್ಳು ಎಲ್ಗೂ ಸೈನ್ ಆಕಲ್ಲ" ಎಂದರು ತಂಗಿ.

"ಯಾರೂ ಕಳಿಸಿಲ್ಲ" ಎಂದೆ. ನಿಂತೇ ಎಲ್ಲ ಹೇಳಿದೆ. ಕುಂಕುಮ, ಚಿಮಟ, ಕೆಂಡ, ಗುಂಡಿ. ಅಕ್ಕ ಜೋಳವನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಲೇ ಕೇಳಿಸಿಕೊಂಡರು.

"ಅಂದ್ರ ಕುಂಕ್ಮ ಇಟ್ಟೋರು ನೀವು."

"ಹೌದು."

"ಚಿಮ್ಟ ಇಡ್ದೋರು ನೀವು."

"ಹೌದು ಅಕ್ಕ."

"ಮೂಗ್ತಿ ಬಿಚ್ದೋಳ್ ನಾನು."

ತಂಗಿ, "ಇವತ್ತ್ಯಾಕ ಬಂದ್ರಿ? ನಿಮ್ ಮ್ಯಾಲ್ ಬಂದದೆ ಅದ್ಕಾ?" ಎಂದರು. ಅದು ಪೂರ್ತಿ ಸುಳ್ಳಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ಟೇಪು ಕತ್ತರಿಸಿದ ಮೇಲೆ ನನ್ನ ಮಾತನ್ನೂ ಯಾರೂ ನಂಬುತ್ತಿರಲಿಲ್ಲ. ನಾನು ಬಂದದ್ದು ಅಕ್ಕನಿಗಾಗಿ ಎಷ್ಟು, ನನಗಾಗಿ ಎಷ್ಟು, ಅಳೆದು ಹೇಳಲು ಈಗಲೂ ಆಗುವುದಿಲ್ಲ.

"ಬತ್ತೀನಿ. ಆ ರೂಮಲ್ಲೇ ಯೇಳಿ" ಎಂದರು ಅಕ್ಕ.

ಎರಡು ದಿನ ಬಿಟ್ಟು ಮತ್ತೆ ಅದೇ ಕೋಣೆ. ಈ ಸಲ ನಾನು ಕನ್ನಡಕವನ್ನೂ ಸಣ್ಣ ಹಸಿರು ಲೇಸರನ್ನೂ ತಂದಿದ್ದೆ. ಆಫೀಸಿನ ದೇವರಪಟದ ಮುಂದಿದ್ದ ಕುಂಕುಮದ ಬಟ್ಟಲನ್ನೇ ತರಿಸಿ, ಪರದೆ ಎಳೆದು ತೋರಿಸಿದೆ. ಕಾರ್ಯದರ್ಶಿಗಳು ಕನ್ನಡಕ ಹಾಕಿಕೊಂಡು, "ಅಬ್ಬಾ" ಎಂದರು. ಆಮೇಲೆ ನಾನು ಹನ್ನೊಂದನೆಯ ವಾಕ್ಯವನ್ನು ಓದಿ, ಅದು ನಾನು ಕಂಡದ್ದಲ್ಲ, ಊಹಿಸಿದ್ದು ಎಂದೆ. ಮೂಗುತಿಯ ಕಲ್ಲು ನಮ್ಮ ಚಿಪ್ ಆಗಲು ಸಾಧ್ಯವೇ ಇಲ್ಲವೆಂದು ಅಂದೇ ನನಗೆ ಗೊತ್ತಿತ್ತು, ಹೇಳಲಿಲ್ಲ ಎಂದೂ ಹೇಳಿದೆ. ಅದನ್ನು ಹೇಳುವಾಗ ಪ್ರಾಂಶುಪಾಲರು ಕಿಟಕಿಯ ಕಡೆ ನೋಡಿದರು.

"ಆಯ್ತು. ಹೆಸರು ಮತ್ತೆ ಪಟ್ಟಿಗೆ ಸೇರಿಸೋಣ. ಏನಮ್ಮ, ಈಗ ಸಮಾಧಾನ ತಾನೆ? ಸೋಮವಾರದಿಂದ ಬಾ" ಎಂದರು ಕಾರ್ಯದರ್ಶಿಗಳು.

ಅಕ್ಕ ಕೋಣೆಯ ಸುತ್ತ ಕಣ್ಣಾಡಿಸಿದರು. ಬೆರಳು ಮಡಿಸಿದರು. "ಅವತ್ತು ಒಂಬತ್ ಜನ ಇದ್ರು ಸಾ. ಈಗ ಆರು. ಇನ್ ಮೂರ್ ಜನ?"

"ಅವರಿಗೆ ನಾವು ಹೇಳ್ತೀವಿ ಬಿಡಮ್ಮ."

"ನೀವ್ ಯೇಳದು ಬ್ಯಾಡ ಸಾ. ಮೇಡಮ್ಮೋರ್ ಯೇಳ್ಬೇಕು. ನಾನ್ ಅಲ್ಲೇ ನಿಂತಿರ್ತೀನಿ. ಒಂಬತ್ ಜನ ಮುಗೀಲಿ, ಆಮ್ಯಾಲ್ ಕೆಲ್ಸಕ್ಕ ಬರದ ನೋಡುವ."

ಕಾರ್ಯದರ್ಶಿಗಳಿಗೆ ಸಿಟ್ಟು ಬಂತು. ಪಟ್ಟಿ ಸೋಮವಾರ ಮಂಡಳಿಯ ಮುಂದೆ ಹೋಗುತ್ತದೆ, ಅಷ್ಟರೊಳಗೆ ಬಂದರೆ ಬರಲಿ ಎಂದು ಎದ್ದು ಹೋದರು.

ಲೈಬ್ರರಿಯನ್‌ಗೆ ಪುಸ್ತಕದ ಕಪಾಟುಗಳ ನಡುವೆ ಹೇಳಿದೆ. ಅವರು ಕನ್ನಡಕ ಬೇಡವೆಂದು, ಅಕ್ಕನ ಕೈ ಹಿಡಿದುಕೊಂಡರು. ವಾಚ್‌ಮನ್‌ಗೆ ಗೇಟಿನ ಬಳಿ ಹೇಳಿದೆ. ಅವರು, "ನಾನ್ ಅವತ್ತೇ ಅಂದ್ಕಂಡಿ ಕಣಕ್ಕೋ" ಎಂದರು. "ಅಂದ್ಕಂಡಿದ್ರ ಬಾಯಲ್ ಏನ್ ಇತ್ತು ನಿಂಗ, ಕಡ್ಲೆಪುರಿಯಾ?" ಎಂದರು ಅಕ್ಕ.

ಉಳಿದವರು ಕ್ಯಾಂಟೀನಿನವರು. ಅವರು ಆ ನಡುವೆ ಕಾಲೇಜು ಬಿಟ್ಟು, ತಮ್ಮ ಊರಿನ ಕಡೆ, ತಮಿಳುನಾಡಿನ ಗಡಿಯಲ್ಲಿರುವ ಪಾಲಾರಿನ ಚೆಕ್‌ಪೋಸ್ಟಿನ ಹತ್ತಿರ ಟೀ ಅಂಗಡಿ ಹಾಕಿದ್ದರು. ಭಾನುವಾರ ನಾನು ಯಳಂದೂರಿನಿಂದ ಹೊರಟು ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿದೆ. ಹನೂರಿನಲ್ಲಿ ಅಕ್ಕ ಹತ್ತಿದರು. ನನ್ನ ಪಕ್ಕದ ಸೀಟು ಖಾಲಿಯಿತ್ತು. ಅವರು ನನ್ನ ಹಿಂದಿನ ಸೀಟಿನಲ್ಲಿ ಕೂತರು. ಬೆಟ್ಟದ ತಿರುವುಗಳಲ್ಲಿ ಒಮ್ಮೆ ನಾನು ಕಿಟಕಿಯ ಸರಳಿಗೆ ತಲೆ ಒರಗಿಸಿದಾಗ ಹಿಂದಿನಿಂದ ಒಂದು ನಿಂಬೆಹಣ್ಣು ಬಂತು.

ಟೀ ಅಂಗಡಿಯವರು ನಮ್ಮಿಬ್ಬರನ್ನೂ ಒಟ್ಟಿಗೆ ಕಂಡು ಬೆರಗಾದರು. "ವಾಂಗ ವಾಂಗ, ಕೂತ್ಕಳಿ ಮೇಡಂ" ಎಂದು ಬೆಂಚು ಒರೆಸಿದರು. ಟೀ ಕುಡಿಯುತ್ತಿದ್ದ ಇಬ್ಬರು ಲಾರಿಯವರು ಜರುಗಿ ಜಾಗ ಕೊಟ್ಟರು. ಅಕ್ಕ ಕೂರಲಿಲ್ಲ. ನಾನೂ ಕೂರಲಿಲ್ಲ. ವಜ್ರ ಎಲ್ಲೂ ಹೋಗಿರಲಿಲ್ಲ, ಪೆಟ್ಟಿಗೆಯಲ್ಲೇ ಇತ್ತು, ಅದರ ಮೇಲೆ ಕುಂಕುಮ ಹತ್ತಿತ್ತು, ಹತ್ತಿಸಿದವಳು ನಾನು, ಅಕ್ಕನ ತಪ್ಪು ಏನೂ ಇರಲಿಲ್ಲ ಎಂದು ಹೇಳಿದೆ. ಅಂಗಡಿಯ ದೇವರಪಟದ ಕುಂಕುಮದ ಬೊಟ್ಟಿಗೆ ಸಣ್ಣ ಲೇಸರ್ ಬಿಟ್ಟು, ಕನ್ನಡಕ ಕೊಟ್ಟು ಅದು ಹೊಳೆಯುವುದನ್ನೂ ತೋರಿಸಿದೆ. ಅವರು ಕನ್ನಡಕವನ್ನು ಲಾರಿಯವರಿಗೂ ಕೊಟ್ಟರು. ಎಲ್ಲರೂ ನೋಡಿದರು. ತಲೆ ಅಲ್ಲಾಡಿಸುತ್ತ ಕೇಳಿಸಿಕೊಂಡರು.

"ರೊಂಬ ಸಂತೋಷ ಮೇಡಂ. ಅಂತೂ ಮಾಲು ಸಿಕ್ತಲ್ಲಾ, ಅಷ್ಟು ಸಾಕು ಬುಡಿ" ಎಂದರು. ಆಮೇಲೆ ದನಿ ತಗ್ಗಿಸಿ, ಆದರೆ ಅಕ್ಕನಿಗೆ ಕೇಳಿಸುವಷ್ಟೇ ದೂರದಲ್ಲಿ, "ಇವ್ರೇ ತಂದ್ ಕೊಟ್ರಾ?" ಎಂದರು.

ಲಾರಿಯವರಲ್ಲೊಬ್ಬರು ತಲೆಯೆತ್ತಿ ಅಕ್ಕನನ್ನು ನೋಡಿದರು. ಅಕ್ಕ ಅವರನ್ನು ನೋಡಲಿಲ್ಲ, ಅಂಗಡಿಯವರನ್ನೂ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಬರೆದ ಹನ್ನೊಂದು ವಾಕ್ಯಗಳು ಎಷ್ಟು ದೂರ ಬಂದಿವೆ ಎಂಬುದನ್ನು ನಾನು ಕಾಣುತ್ತಿದ್ದೇನೋ ಇಲ್ಲವೋ ಎಂದು ಪರೀಕ್ಷಿಸುವಂತೆ.

"ಇನ್ನೊಂದ್ಸಲ ಯೇಳಿ ಮೇಡಂ" ಎಂದರು. "ಕೊನೇ ಬಸ್ಸು ನಾಕೂವರ್ಗ ಅದ."

ಆಗ ಮೂರು ಗಂಟೆ. ಲಾರಿಯವರಿಗೂ ಕೇಳಿಸುವಂತೆ ದನಿ ಎತ್ತರಿಸಿ, ಆಯುಧಪೂಜೆಯ ಬೆಳಿಗ್ಗೆ ಬಾಳೆಲೆಯ ಮೇಲೆ ಏನೇನಿತ್ತು ಎಂಬಲ್ಲಿಂದ ನಾನು ಮತ್ತೆ ಹೇಳತೊಡಗಿದೆ.